ಜ್ವರ ಬಂದವರ ಸೊಂಟದ ದಾರ ಸರಿಸಿ ನೋಡಿ

ಮದ್ದೂರಿನ ನನ್ನ ಕ್ಲಿನಿಕ್ಕನ್ನು ಈಗ ನಡೆಸುತ್ತಿರುವ ಡಾಕ್ಟರ್ ಚೈತ್ರ ಹೋದ ತಿಂಗಳು ಮಂಡ್ಯದ ಗುತ್ತಲಿನ ನಮ್ಮ ಮನೆಗೆ ಬಂದು ಒಂದು ಕೆಲಸ ಹಚ್ಚಿ ಹೋದಳು.

"ಮೇಡಂ, ಹೇಗೂ ಸುಮ್ಮನೆ ಕೂತಿದ್ದೀರಲ್ಲ. ನಮ್ಮ ಕಡೆ ಸಾಮಾನ್ಯವಾಗಿ ಬರೋ ಕಾಯಿಲೆಗಳನ್ನ ಕಂಡುಹಿಡಿಯೋದು ಹೇಗೆ ಅಂತ ಒಂದೊಂದು ಪುಟ ಬರೆದುಕೊಡಿ. ಜ್ವರಕ್ಕೆ ಒಂದು ಪುಟ, ಎದೆನೋವಿಗೆ ಒಂದು, ಸುಸ್ತಿಗೆ ಒಂದು. ಹೊಸದಾಗಿ ಬರೋ ಹುಡುಗರು ತಟ್ಟನೆ ತೆಗೆದು ನೋಡೋ ಹಾಗಿರಲಿ."

ಸುಮ್ಮನೆ ಕೂತಿದ್ದೀರಲ್ಲ ಅಂದದ್ದಕ್ಕೆ ನನಗೆ ಸಿಟ್ಟೇ ಬಂತು. ನಿವೃತ್ತರಾದವರು ಸುಮ್ಮನೆ ಕೂತಿರುತ್ತಾರೆ ಅಂತ ಇವರಿಗೆ ಯಾರು ಹೇಳಿದರೋ. ಬೀದಿಯ ಅರ್ಧ ಜನ ಬೆಳಗಾದರೆ ಬಿ.ಪಿ. ನೋಡಿಸಿಕೊಳ್ಳಲು ನಮ್ಮ ಜಗಲಿಯ ಮೇಲೇ ಇರುತ್ತಾರೆ. "ಎಲ್ಲಾ ನಿಮ್ಮ ಫೋನಿನಲ್ಲೇ ಇದೆಯಲ್ಲಮ್ಮ" ಅಂದೆ.

"ಫೋನಿನಲ್ಲಿರೋ ರೋಗಿ ನಮ್ಮ ಮದ್ದೂರಿಗೆ ಬರಲ್ಲ ಮೇಡಂ" ಅಂದಳು. ಆ ಮಾತು ನನಗೆ ಹಿಡಿಸಿತು, ಒಪ್ಪಿಕೊಂಡೆ.

ಕಾಗದ ತೆಗೆದುಕೊಂಡು ಮೇಲುಗಡೆ 'ಜ್ವರ' ಅಂತ ಬರೆದೆ. ಕೆಳಗೆ ಒಂದು ಗೆರೆ ಎಳೆದೆ. ಅಲ್ಲಿಗೇ ಪೆನ್ನು ನಿಂತಿತು. ಕಣ್ಣೆದುರಿಗೆ ಬಂದು ಕೂತವಳು ಪುಟ್ಟಲಕ್ಷ್ಮಿ. ಮಳವಳ್ಳಿ ರಸ್ತೆಯ ಒಂದು ಹಳ್ಳಿಯ ಹೆಂಗಸು. ನಮ್ಮ ಕ್ಲಿನಿಕ್ಕಿಗೆ ಬಂದಿದ್ದವಳು ಮದ್ದು ತೆಗೆದುಕೊಳ್ಳದೆ ಬಾಗಿಲು ದಾಟಿ ಬಸ್ ಸ್ಟಾಂಡಿಗೆ ಹೋಗಿಬಿಟ್ಟಿದ್ದಳು. ಅವತ್ತು ಆ ಬಸ್ಸು ಹತ್ತಿದ್ದರೆ ಅವಳು ಉಳಿಯುತ್ತಿದ್ದಳೆಂದು ನಾನು ಧೈರ್ಯವಾಗಿ ಹೇಳಲಾರೆ. ಜ್ವರದ ಪುಟ ಅಂದರೆ ನನ್ನ ಮಟ್ಟಿಗೆ ಅವಳ ಕಥೆಯೇ. ಆದರೆ ಅದನ್ನು ಹೇಳುವುದಕ್ಕೆ ಮೊದಲು, ರೋಗಿಯನ್ನು ನೋಡುವುದನ್ನು ನಾನು ಕಲಿತ ಜಾಗ ಯಾವುದು ಅಂತ ಹೇಳದಿದ್ದರೆ ಅರ್ಥವಾಗುವುದಿಲ್ಲ.

ನನ್ನೂರು ಯಲಿಯೂರು. ಮೈಸೂರಿನಲ್ಲಿ ಡಾಕ್ಟರಿಕೆ ಓದಿದ ಮೇಲೆ ಮೊದಲು ಕೆಲಸಕ್ಕೆ ಹೋದದ್ದು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ ಕಡೆಯ ಒಂದು ಸರ್ಕಾರಿ ಆಸ್ಪತ್ರೆಗೆ. ಆಸ್ಪತ್ರೆ ಅಂದರೆ ಮೂರು ಕೋಣೆ, ಒಂದು ಹುಣಸೆ ಮರ. ಬೆಳಗ್ಗೆ ಹೋದ ಕೂಡಲೇ ಗಾಜಿನ ಸಿರಿಂಜುಗಳನ್ನು ಕುದಿಸಲು ಇಡುತ್ತಿದ್ದರು. ಆ ನೀರು ಕುದಿಯುವ ಸದ್ದು ಕೇಳಿದರೇನೇ ಮಕ್ಕಳು ಅಳಲು ಶುರು ಮಾಡುತ್ತಿದ್ದವು. ಔಷಧಿಗೆ ಜನ ಮನೆಯಿಂದಲೇ ಸೀಸೆ ತರಬೇಕು. ಕಂಪೌಂಡರು ಅದಕ್ಕೆ ಕೆಂಪು ಮಿಕ್ಸ್ಚರ್ ತುಂಬಿ, ಒಂದು ಹೊತ್ತಿಗೆ ಎಷ್ಟು ಅಂತ ತಿಳಿಯಲು ಕಾಗದವನ್ನು ಹಲ್ಲುಹಲ್ಲಾಗಿ ಕತ್ತರಿಸಿ ಸೀಸೆಯ ಪಕ್ಕಕ್ಕೆ ಅಂಟಿಸಿಕೊಡುತ್ತಿದ್ದರು. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ನೋಡಲು ಮೂತ್ರಕ್ಕೆ ನೀಲಿ ದ್ರಾವಣ ಬೆರೆಸಿ ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕು. ಬಣ್ಣ ಹಸಿರಿಗೆ ತಿರುಗಿದರೆ ಸ್ವಲ್ಪ, ಇಟ್ಟಿಗೆಯ ಬಣ್ಣಕ್ಕೆ ಬಂದರೆ ಜಾಸ್ತಿ. ರೋಗಿಯೂ ನಾವೂ ಒಟ್ಟಿಗೆ ಬಗ್ಗಿ ಆ ಬಣ್ಣ ನೋಡುತ್ತಿದ್ದೆವು. ಈಗ ಬೆರಳಿಗೆ ಚುಚ್ಚಿದರೆ ಕ್ಷಣದಲ್ಲಿ ಅಂಕಿ ಬರುತ್ತದೆ. ಒಳ್ಳೆಯದೇ. ಆದರೂ ಆ ಸ್ಪಿರಿಟ್ ದೀಪದ ವಾಸನೆ ನೆನಪಾದರೆ ನನಗೆ ಇವತ್ತೂ ಆ ಮೂರು ಕೋಣೆಗೆ ಓಡಿ ಹೋಗಬೇಕು ಅನ್ನಿಸುತ್ತದೆ.

ಅಲ್ಲಿ ನನ್ನ ಮೇಲಿದ್ದವರನ್ನು ಎಲ್ಲರೂ ದೊಡ್ಡ ಡಾಕ್ಟರು ಅನ್ನುತ್ತಿದ್ದರು. ಮೂಗಿನ ಮೇಲೇ ಸಿಟ್ಟು. ಆದರೆ ಕಣ್ಣು ಬಹಳ ಚುರುಕು. ನನ್ನ ಮೊದಲ ವಾರದಲ್ಲಿ ಒಬ್ಬಳು ಹುಡುಗಿ ಸುಸ್ತು ಅಂತ ಬಂದಿದ್ದಳು. ಮದುವೆಯಾಗಿ ವರ್ಷವೂ ಆಗಿರಲಿಲ್ಲ. ನಾನು ಎದೆಗೆ ಸ್ಟೆತ್ ಇಟ್ಟೆ, ಹೊಟ್ಟೆ ಒತ್ತಿದೆ, ಪುಸ್ತಕದಲ್ಲಿ ಓದಿದ ಪ್ರಶ್ನೆಗಳನ್ನೆಲ್ಲ ಕೇಳಿದೆ. ದೊಡ್ಡ ಡಾಕ್ಟರು ಪಕ್ಕದ ಮೇಜಿನಿಂದ, "ಮೊದಲು ಅವಳ ಸೆರಗಿನ ಗಂಟು ನೋಡಮ್ಮ" ಅಂದರು.

"ಏನವ್ವ ಅದು ಸೆರಗಲ್ಲಿ?" ಅಂದೆ.

"ಏನಿಲ್ಲ ಕಣಮ್ಮ, ಎಲ್ಡು ಕಾಳು ಅಕ್ಕಿ."

"ದಿನಾ ತಿಂತೀಯಾ?"

ಹುಡುಗಿ ತಲೆ ತಗ್ಗಿಸಿದಳು. "ಬಾಯಿ ಬೇಡ್ತದೆ. ನಮ್ ಮದ್ವೇಲಿ ಮಳೆ ಬಂದಿದ್ದು ಇದ್ಕೇಯ ಅಂತ ನಮ್ಮತ್ತೆ ದಿನಾ ಬಯ್ತದೆ."

ಹಸಿ ಅಕ್ಕಿ ತಿಂದರೆ ಮದುವೆಯ ದಿನ ಮಳೆ ಬರುತ್ತದೆಂದು ನಮ್ಮವ್ವನೂ ನನಗೆ ಹೇಳುತ್ತಿದ್ದದ್ದೇ. ಅದರ ಜೊತೆಗೆ ರಕ್ತ ಕಡಿಮೆಯಾದ ಹೆಂಗಸಿಗೆ ಅಕ್ಕಿ, ಮಣ್ಣು, ಬಳಪ ತಿನ್ನುವ ಚಪಲ ಬರುತ್ತದೆ ಅನ್ನುವುದನ್ನು ಅವತ್ತು ಕಲಿತೆ. ಕೆಳರೆಪ್ಪೆ ಜಗ್ಗಿ ನೋಡಿದರೆ ಕಣ್ಣೊಳಗೆ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಕಬ್ಬಿಣಾಂಶದ ಮಾತ್ರೆ ಕೊಟ್ಟೆವು. ಕೆಲವು ತಿಂಗಳ ಮೇಲೆ ಬಂದಾಗ ಅಕ್ಕಿ ಕಂಡರೆ ಈಗ ಆಸೆಯೇ ಆಗುವುದಿಲ್ಲ ಅಂದಳು. ಸುಸ್ತಿನ ಪುಟದಲ್ಲಿ ನಾನು ಮೊದಲ ಸಾಲು ಬರೆಯುವುದು ಇದನ್ನೇ. ಸುಸ್ತು ಅನ್ನುವ ಹೆಂಗಸನ್ನು, ಅಕ್ಕಿ ತಿನ್ನುತ್ತೀಯಾ ಅಂತ ನಗುನಗುತ್ತಾ ಕೇಳಿ. ಗದರಿಸಿ ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ.

ಎದೆನೋವಿನ ಪುಟಕ್ಕೆ ಒಬ್ಬರು ಗೌಡರಿದ್ದಾರೆ. ನಾನು ಸರ್ಕಾರಿ ಕೆಲಸ ಬಿಟ್ಟು ಮದ್ದೂರಿನಲ್ಲಿ ಕ್ಲಿನಿಕ್ಕು ಇಟ್ಟ ಮೇಲಿನ ಮಾತು. ಮದುವೆ ಊಟ ಮುಗಿಸಿ, ರೇಷ್ಮೆ ಪಂಚೆಯಲ್ಲೇ ಬಂದು ಕುಳಿತರು. "ಗ್ಯಾಸು ಕಣಮ್ಮ. ಓಳಿಗೆ ಒಂದು ಜಾಸ್ತಿ ಆಯ್ತು. ಒಂದು ಸೋಡಾ ಕುಡುದ್ರೆ ಓಯ್ತದೆ, ಇವ್ನು ಕೇಳ್ದೆ ಕರ್ಕಂಬಂದವ್ನೆ" ಅಂತ ಪಕ್ಕದಲ್ಲಿದ್ದ ಅಳಿಯನನ್ನು ಬೈದರು. ಫ್ಯಾನು ತಿರುಗುತ್ತಿತ್ತು, ಅವರ ಅಂಗಿಯ ಬೆನ್ನು ಮಾತ್ರ ತೊಪ್ಪೆಯಾಗಿತ್ತು. ನಮ್ಮ ಕಡೆ ಗ್ಯಾಸು ಅನ್ನುವುದು ಒಂದು ದೊಡ್ಡ ಚೀಲ, ಎದೆಯಿಂದ ಹೊಕ್ಕುಳದವರೆಗಿನ ಎಲ್ಲ ಕಾಯಿಲೆಯನ್ನೂ ಅದರೊಳಗೆ ತುಂಬಿರುತ್ತಾರೆ. ವಯಸ್ಸಾದ ಗಂಡಸು ಗ್ಯಾಸು ಅಂದು ಬೆವರುತ್ತಿದ್ದರೆ ಕೊಡಬೇಕಾದ್ದು ಸೋಡಾ ಅಲ್ಲ. ಇ.ಸಿ.ಜಿ. ತೆಗೆದೆ. ಹೃದಯಾಘಾತ. ಅಲ್ಲೇ ಮಾತ್ರೆ ಕೊಟ್ಟು ಮೈಸೂರಿಗೆ ಕಳಿಸಿದೆ, ಬದುಕಿಕೊಂಡರು. ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೂ ಅರಳಿಕಟ್ಟೆಯ ಮೇಲೆ ಕೂತು, "ಗ್ಯಾಸಿಗೂ ಈಗ ಸ್ಟೆಂಟ್ ಆಕ್ತಾರೆ ಕಣ್ಲಾ" ಅಂತ ಎಲ್ಲರಿಗೂ ಹೇಳುತ್ತಿದ್ದರಂತೆ.

ದೊಡ್ಡ ಡಾಕ್ಟರ ವಿಷಯಕ್ಕೆ ಮತ್ತೆ ಬರುತ್ತೇನೆ. ಅವರಿಗೆ ಕಂಡರಾಗದ ಒಂದು ವಸ್ತುವೆಂದರೆ ಬರೆ. ಕಾಮಾಲೆಗೆ, ಮಕ್ಕಳ ಹೊಟ್ಟೆ ಉಬ್ಬರಕ್ಕೆ, ಬಿಡದ ಜ್ವರಕ್ಕೆ, ಕಾದ ಕಬ್ಬಿಣದಿಂದ ಹೊಟ್ಟೆಗೋ ಮುಂಗೈಗೋ ಬರೆ ಹಾಕಿಸುವ ಪದ್ಧತಿ ಆಗ ಎಲ್ಲ ಕಡೆ ಇತ್ತು. ರೋಗಿಯ ಮೈಮೇಲೆ ಸುಟ್ಟ ಗಾಯ ಕಂಡರೆ ದೊಡ್ಡ ಡಾಕ್ಟರ ಕೂಗು ಹುಣಸೆ ಮರದಾಚೆಗೂ ಕೇಳುತ್ತಿತ್ತು. "ಮನುಷ್ಯರೇನ್ರೀ ನೀವು? ಕಟುಕರು!" ಸಿಟ್ಟು ನ್ಯಾಯವಾದದ್ದೇ. ಸುಟ್ಟ ಗಾಯ ಕೀವಾಗಿ ಸತ್ತ ಕೂಸುಗಳನ್ನು ಅವರು ನೋಡಿದ್ದರು. ಆದರೆ ಅವರ ಕೂಗಿನಿಂದ ಬರೆ ನಿಲ್ಲಲಿಲ್ಲ. ಬರೆ ಹಾಕಿಸಿಕೊಂಡವರು ಆಸ್ಪತ್ರೆಗೆ ಬರುವುದು ನಿಂತಿತು. ಬಂದರೂ "ಒಲೆ ಮೇಲೆ ಬಿದ್ಬುಡ್ತು ಸಾಮಿ" ಅನ್ನುತ್ತಿದ್ದರು. ಆ ಸೀಮೆಯಲ್ಲಿ ಒಲೆ ಮೇಲೆ ಬಿದ್ದ ಮಕ್ಕಳ ಲೆಕ್ಕ ತೆಗೆದರೆ, ಮಕ್ಕಳೆಲ್ಲ ಅಡುಗೆಮನೆಯಲ್ಲೇ ಬೆಳೆದಿರಬೇಕು.

ಇನ್ನು ಪುಟ್ಟಲಕ್ಷ್ಮಿ. ಇದು ನಾನು ಕ್ಲಿನಿಕ್ಕು ಬಿಡುವುದಕ್ಕೆ ಸ್ವಲ್ಪ ಮೊದಲು ನಡೆದದ್ದು. ಚೈತ್ರ ನನ್ನ ಕ್ಲಿನಿಕ್ಕಿಗೆ ಸೇರಿ ಕೆಲವು ತಿಂಗಳಾಗಿತ್ತು. ಬೆಳಗಿನ ರೋಗಿಗಳನ್ನು ಅವಳು ನೋಡುತ್ತಿದ್ದಳು, ನಾನು ಹನ್ನೊಂದರ ಮೇಲೆ ಹೋಗುತ್ತಿದ್ದೆ. ಅವತ್ತು ಹೋದಾಗ ಅವಳ ಮುಖ ಕೆಂಪಗಾಗಿತ್ತು.

"ಈ ಕಾಲದಲ್ಲೂ ಬರೆ ಹಾಕಿಸ್ತಾರೆ ಮೇಡಂ! ಚಿಕ್ಕ ವಯಸ್ಸಿನ ಹೆಂಗಸು. ವಾರ ದಾಟಿದ ಜ್ವರ, ಕಣ್ಣು ಸ್ವಲ್ಪ ಹಳದಿ, ಉಸಿರು ಜೋರು. ಬೇರೆ ಕಡೆ ಡೆಂಗ್ಯೂ ಅಂತ ಡ್ರಿಪ್ ಹಾಕಿಸಿಕೊಂಡು ಬಂದಿದ್ದಾಳೆ, ಪರೀಕ್ಷೆಯಲ್ಲಿ ಡೆಂಗ್ಯೂ ಇಲ್ಲ. ಹೊಟ್ಟೆ ನೋಡೋಣ ಅಂತ ಸೀರೆ ಸಡಿಲ ಮಾಡಿಸಿದರೆ ಸೊಂಟದಲ್ಲಿ ಕಪ್ಪಗೆ ಸುಟ್ಟ ಬರೆ. ಅತ್ತೆ ಜೊತೆಗಿದ್ದಳು, ನಾನು ಹಾಕಿಸೇ ಇಲ್ಲ ಅಂತ ತಲೆ ಮೇಲೆ ಹೊಡೆದ ಹಾಗೆ ಸುಳ್ಳು ಹೇಳ್ತಾಳೆ. ಚೆನ್ನಾಗಿ ಬೈದೆ. ಈಗಷ್ಟೇ ಸೊಸೆನ ಎಬ್ಬಿಸಿಕೊಂಡು ಬಸ್ ಸ್ಟಾಂಡಿಗೆ ಹೊರಟೇ ಹೋದಳು."

ಚೈತ್ರ ಕೆಟ್ಟ ಹುಡುಗಿಯಲ್ಲ. ಆ ಹೆಂಗಸಿನ ಮೇಲಿನ ಕರುಣೆಗೇ ಅವಳಿಗೆ ಅಷ್ಟು ಸಿಟ್ಟು ಬಂದದ್ದು. ದೊಡ್ಡ ಡಾಕ್ಟರೇ ಮತ್ತೆ ಹುಟ್ಟಿ ಬಂದು ನನ್ನ ಕುರ್ಚಿಯಲ್ಲಿ ಕುಳಿತ ಹಾಗೆ ಕಂಡಳು.

"ಬರೆ ಎಲ್ಲಿತ್ತು, ಸರಿಯಾಗಿ ಹೇಳು" ಅಂದೆ.

"ಲಂಗದ ದಾರ ಕಟ್ಟೋ ಜಾಗದಲ್ಲೇ."

"ಮುಟ್ಟಿದ್ಯಾ?"

"ಹ್ಞೂಂ, ಒತ್ತಿ ನೋಡಿದೆ."

"ನೋವು ಅಂದಳಾ?"

ಚೈತ್ರ ಯೋಚಿಸಿದಳು. "ಇಲ್ಲ ಮೇಡಂ. ಏನೂ ಅನ್ನಲಿಲ್ಲ."

ಹೊಸ ಬರೆಯನ್ನು ಮುಟ್ಟಲು ಯಾರೂ ಬಿಡುವುದಿಲ್ಲ. ಹತ್ತಿರ ಕೈ ತಂದರೇ ಚೀರುತ್ತಾರೆ. ಬರೆ ಹಾಕುವವನು ದಾರ ಉಜ್ಜುವ ಜಾಗದಲ್ಲಿ ಹಾಕುವುದೂ ಇಲ್ಲ. ನೋವಿಲ್ಲದ ಕಪ್ಪು ಹಕ್ಕಳೆ, ಬಿಡದ ಜ್ವರ, ಹಳದಿ ಕಣ್ಣು. ಹೊಲದ ಬದುವಿನ ಹುಲ್ಲಿನಲ್ಲಿ ಕಣ್ಣಿಗೂ ಕಾಣದಷ್ಟು ಸಣ್ಣ ಹುಳು ಇರುತ್ತದೆ. ಮೈಮೇಲೆ ಹತ್ತಿದರೆ ಬಟ್ಟೆ ಬಿಗಿಯಾದ ಕಡೆ ನಿಂತು ಕಚ್ಚುತ್ತದೆ. ಕಚ್ಚಿದ ಜಾಗ ಬೀಡಿಯಲ್ಲಿ ಸುಟ್ಟ ಹಾಗೆ ಕಪ್ಪಾಗುತ್ತದೆ. ಸ್ಕ್ರಬ್ ಟೈಫಸ್ ಅನ್ನುವ ಜ್ವರ ಅದು. ಗುರುತಿಸಿದರೆ ಅಗ್ಗದ ಒಂದು ಮಾತ್ರೆಗೆ ಬಗ್ಗುತ್ತದೆ. ಬಿಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಪುಟ್ಟಲಕ್ಷ್ಮಿಯ ಉಸಿರು ಆಗಲೇ ಜೋರಾಗಿತ್ತು.

"ನಡಿ ನಡಿ, ಬಸ್ ಸ್ಟಾಂಡಿಗೆ" ಅಂದೆ. ಕಾದಿದ್ದ ರೋಗಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಹಾಗೇ ಇಬ್ಬರೂ ಹೊರಬಿದ್ದೆವು. ನನ್ನ ಮಂಡಿ ನೋವಿಗೆ ಓಡುವುದು ಎಲ್ಲಿ ಬಂತು. ಆದರೂ ಓಡಿದೆ.

ಬೆಂಚಿನ ಮೇಲೆ ಇಬ್ಬರೂ ಇದ್ದರು. ಪುಟ್ಟಲಕ್ಷ್ಮಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಮೂಗಿನ ಹೊಳ್ಳೆ ಅರಳಿ ಅರಳಿ ಮುಚ್ಚುತ್ತಿತ್ತು. ಅತ್ತೆಯ ಹೆಸರು ಕೆಂಪಮ್ಮ ಅಂತ ಆಮೇಲೆ ಗೊತ್ತಾಯಿತು. ಸೆರಗಿನಿಂದ ಸೊಸೆಗೆ ಗಾಳಿ ಬೀಸುತ್ತಿದ್ದವಳು ಚೈತ್ರಳನ್ನು ಕಂಡ ಕೂಡಲೇ ಮುಖ ತಿರುಗಿಸಿದಳು.

"ಬಾವ್ವ, ವಾಪಸ್ಸು ಓಗಾನ. ನಿನ್ ಸೊಸೆಗೆ ಏನಾಗದೆ ಅಂತ ನಂಗೆ ಗೊತ್ತಾಯ್ತು" ಅಂದೆ. ಜನರ ಜೊತೆ ಮಾತಿಗೆ ಬಿದ್ದರೆ ನನ್ನ ನಾಲಿಗೆ ತಾನಾಗಿಯೇ ಯಲಿಯೂರಿಗೆ ಹೋಗಿಬಿಡುತ್ತದೆ.

"ನಾವ್ ಬರಾಕಿಲ್ಲ ಕಣಮ್ಮ. ನಿಮ್ ಉಡ್ಗಿ ಅಷ್ಟ್ ಜನದ್ ಮುಂದೆ ಬಾಯ್ಗೆ ಬಂದಂಗೆ ಬೈದ್ಳು. ನಾನು ಮಾರಮ್ಮನ್ ಆಣೆ ಆಕ್ದೆ. ನಂಬ್ನಿಲ್ಲ."

"ನಾನು ನಂಬ್ತೀನಿ ಬಾ."

"ಯಾಕ್ ನಂಬೀಯೆ? ನೀನೂ ಡಾಕ್ಟ್ರೇ ತಾನೆ?"

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು "ಮಳವಳ್ಳಿ ಮಳವಳ್ಳಿ, ಅತ್ರಮ್ಮೋ" ಅಂತ ಕೂಗಿದ. ಕೆಂಪಮ್ಮ ಸೊಸೆಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಎದ್ದು ನಿಂತ ಪುಟ್ಟಲಕ್ಷ್ಮಿಯ ಕಾಲು ಸೋತು ಮಡಚಿಕೊಂಡವು. ಅವಳನ್ನು ಹಿಡಿದದ್ದು ಚೈತ್ರ. ಹಿಡಿದುಕೊಂಡೇ, "ತಪ್ಪಾಯ್ತು ಅಜ್ಜಿ" ಅಂದಳು. "ನೀವು ಹಾಕಿಸಿಲ್ಲ. ನಾನು ನೋಡಿದ್ದು ತಪ್ಪು. ಇವರನ್ನ ಕರಕೊಂಡು ಹೋಗಬೇಡಿ, ಕಾಲಿಗೆ ಬೀಳ್ತೀನಿ."

ಕೆಂಪಮ್ಮ ಅವಳನ್ನೇ ದಿಟ್ಟಿಸಿದಳು. "ಅಜ್ಜಿಯಂತೆ ಅಜ್ಜಿ. ನಿಮ್ಮವ್ವನ್ ವಯಸ್ಸು ಕಣಮ್ಮಿ ನಂಗೆ" ಅಂದು, ಕಂಡಕ್ಟರಿಗೆ, "ನೀ ಓಗಪ್ಪ, ಮುಂದಿನ್ ಬಸ್ಗೆ ಬತ್ತೀವಿ" ಅಂದಳು. ಆ ಬಸ್ಸು ಹೊರಟಾಗ ನಾನು ನಿಂತಲ್ಲೇ ಕಣ್ಣೊರೆಸಿಕೊಂಡೆ. ವಯಸ್ಸಾದ ಮೇಲೆ ಹೀಗೇ, ಸಣ್ಣದಕ್ಕೂ ಕಣ್ಣು ತುಂಬುತ್ತದೆ.

ಕ್ಲಿನಿಕ್ಕಿನಲ್ಲಿ ಪರದೆ ಎಳೆದು, ದಾರ ಸಡಿಲಿಸಿ ಮೂವರೂ ನೋಡಿದೆವು. ಕಡಲೆಕಾಳಿನಷ್ಟು ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ತೊಡೆಯ ಸಂದಿನಲ್ಲಿ ಗಂಟು ಕಟ್ಟಿತ್ತು. ಚೈತ್ರಳ ಬೆರಳನ್ನು ಹಿಡಿದು ಆ ಗಂಟಿನ ಮೇಲೆ ಇಟ್ಟೆ.

"ಈ ಕಪ್ಪು ಗಾಯ ಯಾವಾಗ ಆಯ್ತವ್ವ?" ಅಂತ ಕೇಳಿದೆ.

"ಜರ ಬರಾಕ್ ಮುಂಚೆ ಒಂದ್ ಗುಳ್ಳೆ ಎದ್ದಿತ್ತು" ಅಂದಳು ಪುಟ್ಟಲಕ್ಷ್ಮಿ, ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಾ. "ಬದಿನ್ ಮ್ಯಾಲೆ ಕುಂತು ಅಸಕ್ಕೆ ಉಲ್ಲು ಕುಯ್ತಿದ್ದೆ. ನೋವಿರ್ನಿಲ್ಲ, ಅದ್ಕೇ ಯಾರ್ಗೂ ಯೋಳ್ನಿಲ್ಲ."

ಮೊದಲ ಮಾತ್ರೆಯನ್ನು ಅಲ್ಲೇ ನುಂಗಿಸಿದೆವು. ಉಸಿರಿನ ಸ್ಥಿತಿ ನೋಡಿದರೆ ಮನೆಗೆ ಕಳಿಸುವ ಹಾಗಿರಲಿಲ್ಲ. ಕಾಗದ ಬರೆದು ಮಂಡ್ಯದ ಆಸ್ಪತ್ರೆಗೆ ಕಳಿಸಿದೆ. ಚೈತ್ರ ತಾನೇ ಕಾರಿನಲ್ಲಿ ಕೂರಿಸಿಕೊಂಡು ಹೋದಳು. ಅವಳಿಗೆ ಅವತ್ತು ಊಟವೂ ಸೇರಲಿಲ್ಲ. ಮಾರನೆಯ ದಿನವೆಲ್ಲ ಜ್ವರ ಹಾಗೇ ಇದೆ, ಆಮ್ಲಜನಕ ಕೊಡುತ್ತಿದ್ದಾರೆ ಅಂತ ಸುದ್ದಿ. ನಾನು ಮನೆಯಲ್ಲಿ ಹಾಲು ಉಕ್ಕಿಸಿದೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅದರ ಮಾರನೆಯ ಬೆಳಗ್ಗೆ ಚೈತ್ರ ಫೋನು ಮಾಡಿ, ಏನನ್ನೂ ಹೇಳದೆ ಅತ್ತಳು. ಆಮೇಲೆ ಬಾಯಿ ಬಿಟ್ಟಳು. "ಜ್ವರ ಇಳಿದಿದೆ ಮೇಡಂ. ಮುದ್ದೆ ಬೇಕು ಅಂತ ಕೇಳ್ತಿದ್ದಾಳೆ." ನಾನು ಮೊದಲು ಅವಳನ್ನು ಬೈದೆ, ಅಳುವುದನ್ನು ಕಡೆಗೆ ಇಟ್ಟುಕೊಂಡು ಸುದ್ದಿ ಮೊದಲು ಹೇಳಬಾರದೇನೇ ಅಂತ.

ಹೊಸ ಹುಡುಗರೇ, ಈ ಜ್ವರಕ್ಕೆ ಈಗ ರಕ್ತಪರೀಕ್ಷೆಯೂ ಇದೆ. ಮಾಡಿಸಿ. ಅದರ ಉತ್ತರ ಬರುವ ತನಕ ಕಣ್ಣನ್ನು ಕಟ್ಟಿಕೊಂಡು ಕೂರಬೇಡಿ. ಕಾರಣ ತಿಳಿಯದ ಜ್ವರ ಬಂದವರ ಕಂಕುಳು, ತೊಡೆಯ ಸಂದು, ಗಂಡಸರಾದರೆ ಉಡಿದಾರ, ಹೆಂಗಸರಾದರೆ ಲಂಗದ ದಾರ, ರವಿಕೆಯ ಅಂಚು, ಎಲ್ಲವನ್ನೂ ಅವರ ಒಪ್ಪಿಗೆ ಕೇಳಿ, ಮರ್ಯಾದೆಯಿಂದ ಸರಿಸಿ ನೋಡಿ. ಹಕ್ಕಳೆ ಸಿಗದಿದ್ದರೂ ಈ ಜ್ವರ ಇರಬಹುದು. ಮನೆಯವರು ಹೇಳಿದ್ದನ್ನು ಸುಳ್ಳೆಂದು ಮೊದಲೇ ತೀರ್ಮಾನ ಮಾಡಿಕೊಂಡು ಮಾತ್ರ ನೋಡಬೇಡಿ. ಜ್ವರದ ಪುಟದಲ್ಲಿ ಇಷ್ಟನ್ನು ಬರೆದು ಚೈತ್ರಳಿಗೆ ಕೊಟ್ಟೆ. ಕೆಂಪಮ್ಮ ಆಮೇಲೆ ಬಂದು ಹೇಳಿದ್ದನ್ನು ಆ ಪುಟಕ್ಕೆ ಹೇಗೆ ಸೇರಿಸಬೇಕೋ ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷದ ಅವರೆಕಾಯಿ ಕಾಲದಲ್ಲಿ ಅತ್ತೆ ಸೊಸೆ ಇಬ್ಬರೂ ಬಂದರು. ಪುಟ್ಟಲಕ್ಷ್ಮಿ ಕೆನ್ನೆ ತುಂಬಿಕೊಂಡಿದ್ದಳು. ಕೆಂಪಮ್ಮ ಕಾಯಿಯ ಚೀಲವನ್ನು ಚೈತ್ರಳ ಮೇಜಿನ ಮೇಲೇ ಇಟ್ಟು, "ಅಜ್ಜಿ ತಂದವ್ಳೆ, ತಿನ್ನಮ್ಮಿ" ಅಂದಳು. ಎಲ್ಲರೂ ನಕ್ಕೆವು. ಅತ್ತೆ ಸೊಸೆ ಬೆಂಚಿನ ಮೇಲೆ ಒತ್ತಿಕೊಂಡು ಕುಳಿತರು, ಸೊಸೆಯ ಪಕ್ಕಕ್ಕೆ ಚೈತ್ರಳೂ ಬಂದು ಕುಳಿತಳು. ಅವಳಿಗೆ ಮನಸ್ಸಿನಲ್ಲೊಂದು ಕೊರೆತ ಉಳಿದಿತ್ತು, ಕೇಳಿಯೇಬಿಟ್ಟಳು.

"ಅವತ್ತು ಬಸ್ಸು ಹತ್ತಿ ಎಲ್ಲಿಗೆ ಹೊರಟಿದ್ರಿ ಕೆಂಪಮ್ಮ? ಮಳವಳ್ಳಿಲಿ ಬೇರೆ ಡಾಕ್ಟರ ಹತ್ರನಾ?"

"ಡಾಕ್ಟ್ರತ್ರ ಯಾಕೆ? ಡಾಕ್ಟ್ರು ಸಾಕಾಗಿದ್ರು ಬುಡು" ಅಂದಳು ಕೆಂಪಮ್ಮ ನಿರಾಳವಾಗಿ. "ಬರೆ ಆಕ್ಸಾಕೆ ಒಂಟಿದ್ದೆ. ಸತ್ಯ ಯೋಳ್ತೀನಿ, ಅಲ್ಲೀಗಂಟ ಅದು ನನ್ ತಲೇಗೇ ಬಂದಿರ್ನಿಲ್ಲ. ನೀನು ಅಷ್ಟ್ ಬೈದ್ಯಲ್ಲ, ಬಸ್ ಸ್ಟಾಂಡಲ್ಲಿ ಕುಂತ್ಕಂಡು ಯೋಚ್ನೆ ಮಾಡ್ದೆ. ಎಂಗೂ ಬೈಸ್ಕಂಡಾಯ್ತು. ಸುಮ್ನೆ ದಂಡ ಯಾಕ್ ಮಾಡಾದು, ಆಕ್ಸೇ ಬುಡಾನ ಅಂತ."

ನನಗೆ ನಗು ಬಂತು. ಚೈತ್ರಳ ಕಡೆ ನೋಡಿ ಆ ನಗುವನ್ನು ನುಂಗಿಕೊಂಡೆ. ಅವಳು ಮೇಜಿನ ಮೇಲಿದ್ದ ಅವರೆಕಾಯಿ ಚೀಲವನ್ನೇ ನೋಡುತ್ತಾ ಕುಳಿತಿದ್ದಳು.

ಅತ್ತೆ ಅವತ್ತು ಮಾಡಿಕೊಂಡಿದ್ದ ಯೋಚನೆ ಸೊಸೆಗೂ ಗೊತ್ತಾದದ್ದು ಆಗಲೇ. ಪುಟ್ಟಲಕ್ಷ್ಮಿ ಸೆರಗನ್ನು ಹೊಟ್ಟೆಗೆ ಅಡ್ಡ ಎಳೆದುಕೊಂಡು, ಅತ್ತೆಯ ಪಕ್ಕದಿಂದ ಮೆಲ್ಲಗೆ ಜರುಗಿ ಚೈತ್ರಳ ಹತ್ತಿರ ಕುಳಿತಳು.